ಸಿಂಗಾಪುರದ ಸಾಟೆ ಸ್ಟ್ರೀಟ್: ಕೆಂಡದಿಂದ ಇಳಿದ ತಕ್ಷಣ ತಿನ್ನಬೇಕು

ಸಿಂಗಾಪುರಕ್ಕೆ ಟ್ರಿಪ್ ಹೋಗೋ ನಾನ್‌ವೆಜ್ ಪ್ರಿಯರೆಲ್ಲ ಒಂದು ಸಂಜೆ ಲಾವ್ ಪಾ ಸಾಟ್‌ಗೆ ಅಂತ ಮೀಸಲಿಟ್ಕೊಳ್ಳಿ. ದೊಡ್ಡ ದೊಡ್ಡ ಆಫೀಸ್ ಬಿಲ್ಡಿಂಗ್‌ಗಳ ನಡುವೆ ಎಂಟು ಮೂಲೆಯ ಹಳೇ ಮಾರ್ಕೆಟ್ ಕಟ್ಟಡ ಇದು, 1894ರದ್ದು, ಎರಕದ ಕಬ್ಬಿಣದ ಕಂಬಗಳು ನೋಡೋಕೇ ಚೆಂದ. ಒಳಗಡೆ ಫುಡ್ ಕೋರ್ಟ್ ಇದೆ, ಪರವಾಗಿಲ್ಲ. ಅಸಲಿ ಮಜಾ ಇರೋದು ಪಕ್ಕದ ಬೂನ್ ಟ್ಯಾಟ್ ಸ್ಟ್ರೀಟ್‌ನಲ್ಲಿ. ವಾರದ ದಿನಗಳಲ್ಲಿ ಸಂಜೆ 7ಕ್ಕೆ ಗಾಡಿ ಓಡಾಟ ನಿಲ್ಲಿಸಿ ರಸ್ತೆ ಮೇಲೇ ಟೇಬಲ್ ಕುರ್ಚಿ ಹಾಕ್ತಾರೆ, ಸಾಲಾಗಿ ಸಾಟೆ ಅಂಗಡಿಗಳು ಶುರುವಾಗ್ತವೆ, ಆಮೇಲೆ ಬೀದಿ ತುಂಬ ಹೊಗೆ.

ಸಾಟೆ ಅಂದ್ರೆ ಸಣ್ಣ ಸಣ್ಣ ಮಾಂಸದ ತುಂಡು ಕಡ್ಡಿಗೆ ಚುಚ್ಚಿ ಇದ್ದಿಲ ಕೆಂಡದ ಮೇಲೆ ಸುಡೋದು. ಅರಿಶಿನ, ಮಜ್ಜಿಗೆ ಹುಲ್ಲು, ಕೊತ್ತಂಬರಿ ಬೀಜ, ಸ್ವಲ್ಪ ಸಕ್ಕರೆ ಹಾಕಿ ನೆನೆಸಿಟ್ಟಿರ್ತಾರೆ, ಆ ಸಕ್ಕರೆಯಿಂದಾನೇ ಅಂಚು ಕಪ್ಪಗೆ ಹತ್ಕೊಂಡು ಕರುಂ ಅನ್ನುತ್ತೆ. ಒಲೆ ಹತ್ರ ಸ್ವಲ್ಪ ಹೊತ್ತು ನಿಂತು ನೋಡಿ. ಉದ್ದನೆಯ ಒಲೆ ಮೇಲೆ ಹತ್ತಾರು ಕಡ್ಡಿ ಒತ್ತೊತ್ತಾಗಿ ಜೋಡಿಸಿರ್ತಾರೆ, ಒಂದು ಕೈಲಿ ಬೀಸಣಿಗೆ, ಇನ್ನೊಂದು ಕೈಲಿ ಒಂದು ಹಿಡಿ ಕಡ್ಡಿ ಒಟ್ಟಿಗೇ ತಿರುಗಿಸ್ತಾರೆ, ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿದಾಗ ಚುಯ್ಯ್ ಅಂತ ಏಳೋ ಹೊಗೆ ಮತ್ತೆ ಮಾಂಸಕ್ಕೇ ಹತ್ತುತ್ತೆ ನೋಡಿ, ಗ್ಯಾಸ್ ಒಲೇಲಿ ಏನು ಮಾಡಿದ್ರೂ ಆ ರುಚಿ ಬರಲ್ಲ.

ಚಿಕನ್, ಮಟನ್, ಬೀಫ್ ಮೂರೂ ಸಿಗುತ್ತೆ. ನನ್ನ ಓಟು ಮಟನ್‌ಗೆ, ಕಣ್ಣು ಮುಚ್ಕೊಂಡು. ಮಧ್ಯೆ ಮಧ್ಯೆ ಸಿಗೋ ಕೊಬ್ಬಿನ ತುಂಡೇ ಅದರ ಜೀವ. ಚಿಕನ್ ಮೆತ್ತಗೆ ಚೆನ್ನಾಗೇ ಇರುತ್ತೆ ಆದ್ರೆ ತಣ್ಣಗಾದ್ರೆ ಬೇಗ ಒಣಗಿಹೋಗುತ್ತೆ. ಜೊತೆಗೆ ಕಡಲೆಕಾಯಿ ಬೀಜದ ಗಟ್ಟಿ ಸಾಸ್, ಸೌತೆಕಾಯಿ, ಹಸಿ ಈರುಳ್ಳಿ, ಮತ್ತೆ ಕೆತುಪಾತ್ ಅಂತ ಒತ್ತಿ ಬೇಯಿಸಿದ ಅನ್ನದ ತುಂಡು. ಸಾಸ್ ಸ್ವಲ್ಪ ಸಿಹಿ, ನಮ್ಮ ಖಾರದ ಬಾಯಿಗೆ ಮೊದಲ ತುತ್ತಲ್ಲಿ ಸಪ್ಪೆ ಅನ್ಸಬಹುದು. ಈರುಳ್ಳಿ ಕಚ್ಕೊಂಡು ತಿನ್ನಿ, ಸರಿಹೋಗುತ್ತೆ.

ಒಂದು ವಿಷಯ ಮಾತ್ರ ಇಷ್ಟ ಆಗಲಿಲ್ಲ. ಹೋದ ತಕ್ಷಣ ಸಿಗಡಿ ಎಲ್ಲ ಸೇರಿಸಿದ ದೊಡ್ಡ ಸೆಟ್ ತಗೊಳ್ಳಿ ಅಂತ ಹಿಂದೆ ಬೀಳ್ತಾರೆ. ಬೇಡ. ರಾಶಿ ಕಡ್ಡಿ ಒಂದೇ ಸಲ ತಟ್ಟೇಲಿ ಬಂದು ಕೂತ್ರೆ ಅರ್ಧ ತಿನ್ನೋಷ್ಟರಲ್ಲಿ ಉಳಿದಿದ್ದು ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟಿರುತ್ತೆ, ದುಡ್ಡೂ ಜಾಸ್ತಿ. ಕಮ್ಮಿ ಅಂದ್ರೆ ಇಷ್ಟು ಕಡ್ಡಿ ತಗೊಳ್ಳಲೇಬೇಕು ಅಂತ ಅಂಗಡಿಯವರದ್ದು ಒಂದು ಲೆಕ್ಕ ಇರುತ್ತೆ, ಅಷ್ಟೇ ಹೇಳಿ, ತಿಂದು ಮುಗಿಸಿ, ಮತ್ತೆ ಹೇಳಿ. ಪ್ರತಿ ಸಲ ಬಿಸಿಬಿಸಿ ಬರುತ್ತೆ.

ಶುಕ್ರವಾರ ರಾತ್ರಿ ಆಫೀಸ್ ಜನ ಎಲ್ಲ ಇಲ್ಲೇ ಇರ್ತಾರೆ, ಟೇಬಲ್ ಸಿಗೋದು ಕಷ್ಟ, ಬೇಗ ಹೋಗಿ. ಖಾಲಿ ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ರೆ ಅದು ಯಾರೋ ಹಿಡಿದಿಟ್ಟ ಜಾಗ, ಕೂರಬೇಡಿ. ಹೊಗೆ ವಾಸನೆ ಬಟ್ಟೆಗೆಲ್ಲ ಹಿಡಿಯುತ್ತೆ, ಹಾಗಾಗಿ ಒಳ್ಳೆ ಶರ್ಟ್ ರೂಮಲ್ಲೇ ಬಿಟ್ಟು ಹೋಗಿ.