ಕೆರೆಯ ಅಂಚು ಎಲ್ಲಿ? ಮೂರು ಥರ ಮಾಡಿ ನೋಡಿದೆ

ನಮ್ಮ ಕೆರೆಗಳ ಡೇಟಾಬೇಸ್‌ಗೆ ಬೇಕಿದ್ದ ನಿಯಮ ಒಂದೇ: ಹೊಲ ಕೆರೆಯೊಳಗೆ ಬರಬಾರದು. ಆದರೆ ಕೆರೆ ಮಳೆಗಾಲದಲ್ಲಿ ಒಂದಳತೆ, ಏಪ್ರಿಲ್‌ನಲ್ಲಿ ಇನ್ನೊಂದಳತೆ. ಪೋಸ್ಟ್‌ಜಿಐಎಸ್‌ನಲ್ಲಿ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ನಕ್ಷೆಯ ಆಕಾರಗಳನ್ನು ಸೇರಿಸುವ ವಿಸ್ತರಣೆ) ಮೂರು ದಾರಿ ಹಿಡಿದೆ.

ಮೊದಲು ಕೆರೆಗೆ ಒಂದೇ ಪಾಲಿಗನ್ (ಮುಚ್ಚಿದ ಗೆರೆಯ ಆಕಾರ), ಸುತ್ತ 20 ಮೀಟರ್ ಬಫರ್, ಅಂದರೆ ಅಂಚುಪಟ್ಟಿ. ಅರ್ಧ ಗಂಟೆಯ ಕೆಲಸ. ಆದರೆ ಏರಿಯ ಕಡೆ ನೀರು ಅಲ್ಲೇ ನಿಲ್ಲುತ್ತದೆ, ಹಿನ್ನೀರಿನ ಕಡೆ ಎಷ್ಟೋ ದೂರ ಸರಿಯುತ್ತದೆ. ಏರಿ ಕೆಳಗಿನ ಗದ್ದೆಗಳೂ ತಪ್ಪು ಅಂತ ಬಂದವು. ಬಿಟ್ಟೆ.

ಎರಡನೆಯದು ಮೊಟ್ಟೆಯ ಮಾದರಿ, ಅಂಚು ಖಚಿತವಿಲ್ಲದ ಜಾಗಗಳಿಗೆ ಅಂತ ಸಂಶೋಧಕರಾದ ಕೋನ್ ಮತ್ತು ಗಾಟ್ಸ್ 1996ರಲ್ಲಿ ವಿವರಿಸಿದ್ದು. ಹಳದಿ ಖಂಡಿತ ಕೆರೆ, ಬಿಳಿ ಇರಬಹುದಾದ ಕೆರೆ. ನನ್ನ ಹಳದಿ ಬೇಸಿಗೆಯ ನೀರು. ಬಿಳಿಯ ಹೊರಗೆರೆ ಕೋಡಿ ಹರಿಯುವಾಗಿನ ನೀರು. ಕೋಡಿಯ ಎತ್ತರ ಕಟ್ಟಿಟ್ಟಿದ್ದು, ಹಾಗಾಗಿ ಆ ಗೆರೆಗೆ ಜಾಸ್ತಿ ಜಗಳವಿಲ್ಲ.

ಹಳದಿ ಬಿಳಿಯೊಳಗೇ ಇರಬೇಕು ಅಂತ ಚೆಕ್ (ಡೇಟಾ ಸೇರುವಾಗ ಪರೀಕ್ಷಿಸುವ ನಿಯಮ) ಬರೆದೆ, ಎಸ್‌ಟಿ_ಕಂಟೇನ್ಸ್‌ಪ್ರಾಪರ್ಲಿ ಅನ್ನೋ ಫಂಕ್ಷನ್ ಹಾಕಿ. ಬೇಸಿಗೆಯಲ್ಲಿ ನೀರಿರುವ ಒಂದು ಕೆರೆಯೂ ಪಾಸಾಗಲಿಲ್ಲ! ಆಮೇಲೆ ಹೊಳೆಯಿತು. ಏರಿಯ ಬುಡವೇ ಆಳ, ಬೇಸಿಗೆಯಲ್ಲೂ ನೀರು ಏರಿಗೆ ತಾಗಿಯೇ ಇರುತ್ತದೆ. ಅಲ್ಲಿ ಎರಡು ಗೆರೆಯೂ ಒಂದೇ. ಈ ಫಂಕ್ಷನ್‌ಗೆ ಅಂಚು ತಾಗಿದರೂ ಆಗದು. ಅಂಚು ತಾಗಿದರೂ ಒಪ್ಪುವ ಎಸ್‌ಟಿ_ಕವರ್ಡ್‌ಬೈ ಹಾಕಿದೆ. ಏರಿಯನ್ನು ಎರಡು ಸಲ ಬಿಡಿಸಿದ್ದ ಕಡೆ ಗೆರೆ ಅಡ್ಡಹಾಯ್ದಿತ್ತು, ಅದನ್ನು ಸ್ನ್ಯಾಪ್ ಮಾಡಿ (ಒಂದು ಗೆರೆಯನ್ನು ಇನ್ನೊಂದಕ್ಕೆ ಅಂಟಿಸಿ) ಸರಿಪಡಿಸಿದೆ.

ಹೊಲದ ನಿಯಮ ಎರಡಾಯಿತು. ಹಳದಿಯೊಳಗೆ ಬಂದರೆ ಬೇಡ, ಬಿಳಿಗೆ ಮಾತ್ರ ಬಂದರೆ ಎಚ್ಚರಿಕೆ. ಪೋಸ್ಟ್‌ಗ್ರೆಸ್‌ನ ಚೆಕ್ ಬೇರೆ ಟೇಬಲ್ ನೋಡದು, ಅದಕ್ಕೆ ಟ್ರಿಗರ್ (ಡೇಟಾ ಬದಲಾದಾಗ ತಾನೇ ಓಡುವ ಕೋಡ್) ಬೇಕು. ಎರಡು ಮೊಟ್ಟೆಗಳ ನಡುವೆ 46 ಬಗೆಯ ಸಂಬಂಧವಂತೆ. ನನ್ನ ಹೊಲದ ಗೆರೆ ಖಚಿತ, ಅದಕ್ಕೆ ಬಿಳಿಯೇ ಇಲ್ಲ, ಅಷ್ಟು ಬೇಕಾಗಲಿಲ್ಲ.

ಮೂರನೆಯದು 0ಯಿಂದ 1ರವರೆಗಿನ ಅಂಕಿ, ಸಂಶೋಧಕ ಝಾದೆ 1965ರಲ್ಲಿ ಕೊಟ್ಟ ಅಸ್ಪಷ್ಟ ಗಣದ (ಫಜಿ ಸೆಟ್, ಗುಂಪಿಗೆ ಎಷ್ಟರ ಮಟ್ಟಿಗೆ ಸೇರಿದೆ ಅನ್ನೋದಕ್ಕೆ ಅಂಕಿ ಕೊಡೋದು) ದಾರಿ. ಸೆಂಟಿನೆಲ್-2 ಉಪಗ್ರಹದ 12 ಚಿತ್ರಗಳಲ್ಲಿ 7ರಲ್ಲಿ ನೀರು ಕಂಡರೆ ಆ ಚೌಕಕ್ಕೆ 0.58. ನೋಡೋಕೆ ಚೆಂದ. (ನಿಜ ಹೇಳಬೇಕೆಂದರೆ ಇದು ಎಷ್ಟು ಸಲ ಅನ್ನೋ ಲೆಕ್ಕ, ಅಸ್ಪಷ್ಟತೆ ಅಲ್ಲ.) ಆದರೆ ಹೊಲವನ್ನು ತಡೆಯೋದು 0.5ಕ್ಕೋ 0.6ಕ್ಕೋ? ಅಂಕಿ ನಾನೇ ಸುಮ್ನೆ ಇಡಬೇಕು. ನಕ್ಷೆಗೆ ಮಾತ್ರ ಇಟ್ಟುಕೊಂಡೆ.

ಹಾಗಂತ ಮೊಟ್ಟೆಯಲ್ಲೂ ತೂತಿದೆ. ಪೂರ್ತಿ ಬತ್ತುವ ಕೆರೆಗೆ ಹಳದಿಯೇ ಇಲ್ಲ, ಡೇಟಾಬೇಸ್‌ನಲ್ಲಿ ಆ ಜಾಗ ನಲ್, ಅಂದರೆ ಖಾಲಿ. ನಲ್ ಬಂದರೆ ಚೆಕ್ ತೆಪ್ಪಗೆ ಪಾಸ್. ಕೆರೆ ಅಂಗಳದ ನಡುಮಧ್ಯೆ ಹೊಲ ಬರೆದರೂ ಬರೀ ಎಚ್ಚರಿಕೆ ಬರುತ್ತದೆ.