ಮಲೆನಾಡಿನ ಮಳೆಯಲ್ಲಿ ಬೈಕ್ ಚೈನಿಗೆ ಯಾವುದು: ಸ್ಪ್ರೇ ಲೂಬೋ, 90 ಗೇರ್ ಆಯಿಲ್ಲೋ?

ಮೃಗಶಿರಾ ಮಳೆ ಹಿಡಿದಾಗಿನಿಂದ ಮಘಾ ಮುಗಿಯುವ ತನಕ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಓಡುವ ಬೈಕಿನ ಚೈನಿಗೆ 90 ಗೇರ್ ಆಯಿಲ್ಲೇ (ಗೇರ್‌ಬಾಕ್ಸಿಗೆ ಹಾಕುವ 90 ದರ್ಜೆಯ ದಪ್ಪ ಎಣ್ಣೆ) ಸರಿ. ಒಂದು ಮಳೆಗಾಲ ಸ್ಪ್ರೇ, ಮುಂದಿನ ಮಳೆಗಾಲ ಗೇರ್ ಆಯಿಲ್ ಅಂತ ಒಂದೇ ಬೈಕಿಗೆ, ಒಂದೇ ರಸ್ತೆಗಳಲ್ಲಿ ಹಾಕಿ ನೋಡಿ ಹೇಳುವ ಮಾತಿದು. ಎರಡೂ ಓ-ರಿಂಗ್ ಚೈನಿಗೆ, ಅಂದರೆ ಕೊಂಡಿಗಳ ನಡುವೆ ರಬ್ಬರ್ ಬಳೆಯಿರುವ ಚೈನಿಗೆ, ಒಗ್ಗುತ್ತವೆ. ಕೊಂಡಿಗಳನ್ನು ಜೋಡಿಸುವ ಪಿನ್ನಿನ ಸುತ್ತಲಿನ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಓ-ರಿಂಗಿನಿಂದ ಮುಚ್ಚಿರುತ್ತಾರೆ. ನಾವು ಹೊರಗಿನಿಂದ ಹಾಕುವ ಎಣ್ಣೆಯ ಕೆಲಸ ಮೂರೇ: ತುಕ್ಕು ತಡೆಯುವುದು, ಕೊಂಡಿಯ ನಡುವಿನ ಉರುಳೆ, ಅಂದರೆ ರೋಲರ್ ಸವೆಯದಂತೆ ನೋಡಿಕೊಳ್ಳುವುದು, ರಿಂಗಿನ ರಬ್ಬರ್ ಒಣಗಿ ಬಿರಿಯದಂತೆ ಇಡುವುದು.

ಸ್ಪ್ರೇಯ ತೊಂದರೆ ಇರುವುದು ಒಣಗುವುದರಲ್ಲಿ. ಕ್ಯಾನಿನಿಂದ ಅದು ನೀರಿನಷ್ಟು ತೆಳ್ಳಗೆ ಬರುವುದು ಒಳಗಿನ ದ್ರಾವಕದಿಂದ. ದ್ರಾವಕ ಆರಿದ ಮೇಲೆ ಉಳಿಯುವ ಅಂಟು ಲೋಹಕ್ಕೆ ಕಚ್ಚಿಕೊಳ್ಳಬೇಕು. ಅದಕ್ಕೆ ಚೈನ್ ಮೊದಲೇ ಒಣಗಿರಬೇಕು, ಹಚ್ಚಿದ ಮೇಲೂ ಬಿಡುವು ಸಿಗಬೇಕು. ಆರಿದ್ರಾ ಮಳೆಯಲ್ಲಿ ಜಗಲಿಯ ಮೇಲಿನ ಬಟ್ಟೆಯೇ ಮೂರು ದಿನವಾದರೂ ಆರುವುದಿಲ್ಲ, ರೋಲರ್ ಸಂದಿಯ ನೀರು ಎಲ್ಲಿ ಆರೀತು? ನೀರಿನ ಮೇಲೆ ಕೂತ ಲೂಬ್ ಲೋಹಕ್ಕೆ ಹತ್ತುವುದೇ ಇಲ್ಲ. ಮೇಲ್ನೋಟಕ್ಕೆ ಚೈನ್ ಮಿಂಚುತ್ತಿರುತ್ತದೆ, ಅಡಿಯಲ್ಲಿ ನೀರು ಸಿಕ್ಕಿಕೊಂಡು ಪ್ಲೇಟಿನ ಅಂಚಿನಲ್ಲಿ ಕೆಂಪು ತುಕ್ಕು ಏಳುತ್ತದೆ.

ಅಂಟು ಹಿಡಿದ ಜಾಗದಲ್ಲಿ ಇನ್ನೊಂದು ಕಾಟ. ಜಂಬಿಟ್ಟಿಗೆ ಮಣ್ಣಿನ ರಾಡಿ ಅದಕ್ಕೆ ಮೆತ್ತಿಕೊಂಡು ಸಾಣೆಪುಡಿಯ ಹಾಗೆ ರೋಲರನ್ನೂ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲುಚಕ್ರ) ಹಲ್ಲನ್ನೂ ತಿನ್ನುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಬರುವುದಿಲ್ಲ. ಸೀಮೆಎಣ್ಣೆ ಇಲ್ಲವೇ ಚೈನ್ ಕ್ಲೀನರ್ ಹಾಕಿ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕು, ಮತ್ತೆ ಒಣಗಿಸಬೇಕು, ಮತ್ತೆ ಸ್ಪ್ರೇ ಹೊಡೆಯಬೇಕು. ಒಣಗಿಸುವ ಹಂತಕ್ಕೆ ಬಂದರೆ ಹಳೆಯ ಕಥೆಯೇ. ಈ ಅವಸರದಲ್ಲಿ ಪೆಟ್ರೋಲ್ ಸುರಿಯುವವರಿದ್ದಾರೆ, ತಂತಿ ಬ್ರಷ್ ಹಿಡಿಯುವವರಿದ್ದಾರೆ. ಎರಡರಿಂದಲೂ ಓ-ರಿಂಗ್ ಹಾಳು. ವಾಟರ್ ಸರ್ವಿಸ್‌ನವರಿಗೂ ಚೈನಿನ ಮೇಲೆ ಗನ್ ಹಿಡಿಯಬೇಡಿ ಎಂದು ಮೊದಲೇ ಹೇಳಿಬಿಡಿ. ಆ ರಭಸಕ್ಕೆ ನೀರು ರಿಂಗ್ ದಾಟಿ ಒಳಗಿನ ಗ್ರೀಸಿಗೆ ಸೇರಬಹುದು.

ಗೇರ್ ಆಯಿಲ್ಲಿಗೆ ಈ ರಗಳೆಯಿಲ್ಲ. ಅದು ಒಣಗಬೇಕಾಗಿಲ್ಲ. ಅಂಟಾಗಿ ಕೂರದೆ ಹರಿಯುವುದರಿಂದ ರಾಡಿಯೂ ಅದರ ಜೊತೆಗೇ ಹೊರಗೆ ಬರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಂಗಡಿಯಲ್ಲಿ 90 ಅಥವಾ 80ಡಬ್ಲ್ಯೂ-90 ಎಂದು ಕೇಳಿ. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ 10 ಮಿ.ಲೀ ಸಿರಿಂಜ್ ಒಂದು ತನ್ನಿ. ಸಂಜೆ ಓಡಿಸಿ ಬಂದ ಮೇಲೆ, ಚೈನ್ ಬೆಚ್ಚಗಿರುವಾಗ, ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ನ್ಯೂಟ್ರಲ್ಲಿನಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಚೈನ್ ಒರೆಸಲು ಹೋದರೆ ಬೆರಳು ಹೋಗುತ್ತದೆ. ಮೊದಲು ಹಳೆ ಪಂಚೆಯ ತುಂಡಿನಿಂದ ಒರೆಸಿ, ಆಮೇಲೆ ಕೆಳಗಿನ ಚೈನಿನ ಒಳಮೈಗೆ, ಪ್ರತಿ ರೋಲರಿನ ಎರಡೂ ಅಂಚಿಗೆ ಒಂದೊಂದು ಸಣ್ಣ ಹನಿ. ಚಕ್ರ ತಿರುಗಿದಾಗ ಎಣ್ಣೆ ಒಳಗಿನಿಂದ ಹೊರಕ್ಕೆ ತಾನೇ ಹರಡಿಕೊಳ್ಳುತ್ತದೆ. 110 ಕೊಂಡಿಯ ಚೈನಿಗೆ ಒಂದು ಸಿರಿಂಜ್ ಸಾಕು.

ಇದರ ದೋಷ ಸಿಡಿಯುವುದು. ಬೆಳಿಗ್ಗೆ ಹೊರಡುವ ಮುಂಚೆ ಹಾಕಿದರೆ ರಿಮ್ಮಿಗೂ ಟೈರಿನ ಅಂಚಿಗೂ ಹಾರುತ್ತದೆ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಆ ಅಂಚಿನ ಮೇಲೇ ಬೈಕ್ ವಾಲುವುದು. ಹಾಗಾಗಿ ರಾತ್ರಿಯೇ ಹಾಕಿ, ಬೆಳಿಗ್ಗೆ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ, ಟೈರಿಗೂ ಒಮ್ಮೆ ಬಟ್ಟೆ ಆಡಿಸಿ ಹೊರಡಿ. ಒರೆಸಿದರೆ ಎಲ್ಲ ಹೋಯಿತು ಎಂಬ ಭಯ ಬೇಡ, ಬೇಕಾದದ್ದು ರೋಲರ್ ಒಳಗೆ ಸೇರಿರುತ್ತದೆ.

ಇವೆರಡರ ಬದಲು ಹೊರಗಿನಿಂದ ಗ್ರೀಸ್ ಹಚ್ಚಿದರೆ ಅದು ಸಂದಿಗೆ ಇಳಿಯುವುದಿಲ್ಲ, ಮಣ್ಣನ್ನು ಮಾತ್ರ ಹಿಡಿದಿಡುತ್ತದೆ. ಬಳಸಿ ತೆಗೆದ ಎಂಜಿನ್ ಆಯಿಲ್ ಬೇಡವೇ ಬೇಡ, ಅದರಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತವೆ.

ಖರ್ಚಿನ ಲೆಕ್ಕ ಸುಲಭ. ಸಲಕ್ಕೆ 10 ಮಿ.ಲೀ ಎಂದರೆ ಒಂದು ಲೀಟರಿಗೆ ನೂರು ಸಲ. ಮಳೆಯಲ್ಲಿ 200 ಕಿ.ಮೀಗೊಮ್ಮೆ ಹಾಕಿದರೂ 20,000 ಕಿ.ಮೀ ಬಂತು. ದೊಡ್ಡ ಸ್ಪ್ರೇ ಕ್ಯಾನ್ ಹತ್ತು ಹನ್ನೆರಡು ಸಲಕ್ಕೇ ಖಾಲಿ.

ಬೇಸಿಗೆಯಲ್ಲಿ ಚಿತ್ರದುರ್ಗ, ಬಳ್ಳಾರಿ ಕಡೆ ವಾರಗಟ್ಟಲೆ ಟೂರ್ ಹೋಗುವವರಿಗೆ ಸ್ಪ್ರೇ ಅನುಕೂಲ. ಬ್ಯಾಗಿನಲ್ಲಿ ಚೆಲ್ಲುವ ಭಯವಿಲ್ಲ, ಒಣ ಹವೆಯಲ್ಲಿ ಅಂಟು ಚೆನ್ನಾಗಿ ಕೂರುತ್ತದೆ, 500 ಕಿ.ಮೀ ನಿಶ್ಚಿಂತೆ.

ಎಣ್ಣೆ ಹಾಕುವಾಗಲೇ ಚಕ್ರವನ್ನು ಪೂರ್ತಿ ಸುತ್ತಿಸಿ, ಚೈನ್ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಸಡಿಲ ಅಳೆದು ಬೈಕಿನ ಪುಸ್ತಕದಲ್ಲಿ ಕೊಟ್ಟ ಅಳತೆಗೆ ತನ್ನಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಎನ್ನುವಷ್ಟು ವ್ಯತ್ಯಾಸ ಕಂಡರೆ ಆ ಚೈನಿಗೆ ಯಾವ ಎಣ್ಣೆ ಹಾಕಿಯೂ ಪ್ರಯೋಜನವಿಲ್ಲ. ಎರಡೂ ಸ್ಪ್ರಾಕೆಟ್ ಸಮೇತ ಬದಲಿಸಿ.