ಹ್ಯಾಮ್‌ಸ್ಟ್ರಿಂಗ್ ಕಾಪಾಡಲು ಯಾವುದು ಮೇಲು: ನಾರ್ಡಿಕ್, ಸ್ಲೈಡರ್, ಡೆಡ್‌ಲಿಫ್ಟ್, ಸ್ಪ್ರಿಂಟ್?

ಫುಟ್‌ಬಾಲಿನಲ್ಲಿ ಹ್ಯಾಮ್‌ಸ್ಟ್ರಿಂಗ್ ಹೆಚ್ಚಾಗಿ ಕೈಕೊಡುವುದು ಯಾರೂ ಮುಟ್ಟದಿದ್ದಾಗ, ಪೂರ್ತಿ ವೇಗದ ಓಟದಲ್ಲಿ. ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಮುಂಚೆ ತೊಡೆಯ ಹಿಂದಿನ ಸ್ನಾಯು ಚಾಚಿಕೊಳ್ಳುತ್ತಲೇ ಅದಕ್ಕೆ ಬ್ರೇಕ್ ಹಾಕಬೇಕು. ಆಗ ಹರಿಯುವುದು ಬಹುಪಾಲು ಹೊರಮಗ್ಗುಲಿನ ಬೈಸೆಪ್ಸ್ ಫೆಮೊರಿಸ್ ಸ್ನಾಯುವಿನ ಎರಡು ಕವಲುಗಳಲ್ಲಿ ಉದ್ದನೆಯದು, ಅಂದರೆ ಅದರ ‘ಉದ್ದ ತಲೆ’. ಹಾಗಾಗಿ ನಾವು ಯಾವ ವ್ಯಾಯಾಮಕ್ಕೂ ಕೇಳುವುದು ಒಂದೇ ಪ್ರಶ್ನೆ: ಸ್ನಾಯು ಉದ್ದವಾಗುತ್ತಿರುವಾಗ ಅದರ ಮೇಲೆ ಭಾರ ಬೀಳುತ್ತದೆಯೇ? ಮೈದಾನದ ಅಂಚಿನಲ್ಲಿ ಕೂತು ಕಾಲ್ಬೆರಳು ಹಿಡಿಯುವ ಸ್ಟ್ರೆಚಿಂಗ್ ಇಲ್ಲೇ ನಪಾಸು.

ಒಂದನ್ನೇ ಮಾಡಲು ಸಮಯವಿದ್ದರೆ ನಾರ್ಡಿಕ್ ಮಾಡಿ. ಸಲಕರಣೆ ಬೇಡ, ಜೊತೆಗಾರನೊಬ್ಬ ಸಾಕು. ಮಂಡಿಯೂರಿ, ಅವನು ಹಿಂದಿನಿಂದ ಎರಡೂ ಕಣಕಾಲುಗಳನ್ನು ನೆಲಕ್ಕೆ ಒತ್ತಿ ಹಿಡಿಯಲಿ. ಮಂಡಿಯಿಂದ ಕಿವಿಯವರೆಗೆ ಮೈ ಒಂದೇ ಗೆರೆಯಲ್ಲಿರಬೇಕು. ಮೂರರಿಂದ ಐದು ಸೆಕೆಂಡು ತಡೆಯುತ್ತಾ ಮುಂದಕ್ಕೆ ಇಳಿದು, ತಡೆಯಲಾಗದ ಹಂತದಲ್ಲಿ ಅಂಗೈ ಊರಿ, ಕೈಯಿಂದಲೇ ತಳ್ಳಿ ಮೇಲೆ ಬನ್ನಿ. ಸಾಮಾನ್ಯವಾಗಿ ಕೆಡುವುದು ಸೊಂಟದಲ್ಲಿ: ಅದು ಮಡಚಿದರೆ ಭಾರ ತಪ್ಪಿಹೋಗುತ್ತದೆ, ಇಳಿದಂತೆ ಕಂಡರೂ ಕೆಲಸ ಆಗಿರುವುದಿಲ್ಲ. ಗಟ್ಟಿ ನೆಲವಾದರೆ ಮಂಡಿ ಕೆಳಗೆ ನಾಲ್ಕು ಮಡಿಕೆಯ ಜಮಖಾನೆ ಇರಲಿ.

ಪುರಾವೆಯೂ ಇದರ ಪರವಾಗಿಯೇ ಗಟ್ಟಿಯಾಗಿದೆ. ಡೆನ್ಮಾರ್ಕ್‌ನ 50 ತಂಡಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾರ್ಡಿಕ್ ಮಾಡಿದವರಲ್ಲಿ 15 ಗಾಯಗಳು, ಮಾಡದವರಲ್ಲಿ 52. ಅವರ ಕ್ರಮ: ಮೊದಲ ವಾರ ಒಂದು ದಿನ, 5ರಂತೆ 2 ಸೆಟ್. ಎರಡನೇ ವಾರ ಎರಡು ದಿನ, 6ರಂತೆ 2 ಸೆಟ್. ಮೂರನೇ ವಾರದಿಂದ ಮೂರು ದಿನ, 3 ಸೆಟ್. ಮೊದಲು 6ರಿಂದ 8, ಮುಂದಿನ ವಾರ 8ರಿಂದ 10. ಐದರಿಂದ ಹತ್ತನೇ ವಾರದವರೆಗೆ ಮೂರು ಸೆಟ್‌ಗಳಲ್ಲಿ ಕ್ರಮವಾಗಿ 12, 10, 8. ಆಮೇಲೆ ಸೀಸನ್ ಪೂರ್ತಿ ವಾರಕ್ಕೊಮ್ಮೆ. ಈ ಏಣಿಯ ಮೊದಲ ಎರಡು ಮೆಟ್ಟಿಲು ಹಾರಿದವರೇ ವ್ಯಾಯಾಮ ಬಿಡುವುದು. ಮೊದಲ ದಿನವೇ 3 ಸೆಟ್ ಮಾಡಿಸಿದರೆ ಮರುದಿನ ಮೆಟ್ಟಿಲಿಳಿಯಲೂ ಆಗದಷ್ಟು ನೋವು, ಮೂರನೇ ದಿನ ಕೋಚ್ ಅದನ್ನು ಪಟ್ಟಿಯಿಂದಲೇ ತೆಗೆಯುತ್ತಾರೆ. ಯುರೋಪಿನ ವೃತ್ತಿಪರ ಕ್ಲಬ್‌ಗಳ ಸಮೀಕ್ಷೆಯಲ್ಲೂ ಪೂರ್ತಿ ಪಾಲಿಸಿದವು ಹತ್ತರಲ್ಲಿ ಒಂದರಷ್ಟೇ.

ನಾರ್ಡಿಕ್‌ನಲ್ಲಿ ಅರ್ಧ ಇಳಿಯುವಷ್ಟರಲ್ಲೇ ಕುಸಿಯುವವರಿಗೆ ಸ್ಲೈಡರ್ ಕರ್ಲ್ ಒಳ್ಳೆಯ ಮೊದಲ ಹೆಜ್ಜೆ. ಅಂಗಾತ ಮಲಗಿ, ಹಿಮ್ಮಡಿ ಕೆಳಗೆ ಹಳೇ ಟವೆಲ್ ಇಟ್ಟು, ಸೊಂಟ ಎತ್ತಿ, ನಾಲ್ಕು ಸೆಕೆಂಡಿನಲ್ಲಿ ಕಾಲು ಚಾಚಿ. 6ರಂತೆ 3 ಸೆಟ್. ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದಲ್ಲಿ ಮಾತ್ರ ನಡೆಯುತ್ತದೆ, ಹುಲ್ಲಿನ ಮೇಲೆ ಇಲ್ಲ. ಮೀನಖಂಡ ಹಿಡಿದುಕೊಂಡರೆ ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದುಕೊಳ್ಳಿ.

ನಾರ್ಡಿಕ್‌ಗೊಂದು ಕೊರತೆಯಿದೆ. ಅದರಲ್ಲಿ ಸೊಂಟ ಅಲ್ಲಾಡುವುದೇ ಇಲ್ಲ. ಅದು ಹೆಚ್ಚು ಬೆಳೆಸುವುದು ಒಳಮಗ್ಗುಲಿನ ಸೆಮಿಟೆಂಡಿನೋಸಸ್ ಮತ್ತು ಬೈಸೆಪ್ಸ್‌ನ ಗಿಡ್ಡ ತಲೆಯನ್ನು. ಉದ್ದ ತಲೆಗೆ ಸೊಂಟದಿಂದ ಬಾಗುವ ಕೆಲಸ ಬೇಕು, ಅಂದರೆ ರೊಮೇನಿಯನ್ ಡೆಡ್‌ಲಿಫ್ಟ್. ಮಂಡಿ ತುಸು ಬಗ್ಗಿಸಿ ಅಲ್ಲೇ ಬಿಗಿ ಹಿಡಿದು, ಪೃಷ್ಠ ಹಿಂದಕ್ಕೆ ತಳ್ಳುತ್ತಾ, ಕೈಯಲ್ಲಿ ಹಿಡಿದ ತೂಕದ ಬಾರ್ ತೊಡೆಗೆ ಉಜ್ಜುವಂತೆ ಮಂಡಿಯ ಸ್ವಲ್ಪ ಕೆಳಗಿನವರೆಗೆ ಇಳಿಸಿ. ಬೆನ್ನು ಗೂನಾಗತೊಡಗಿದ ಜಾಗವೇ ಆ ದಿನದ ಮಿತಿ. 8ರಂತೆ 3 ಸೆಟ್, ಕೊನೆಯಲ್ಲಿ ಇನ್ನೆರಡು ಸಾಧ್ಯ ಅನಿಸುವಷ್ಟು ತೂಕ. ನಮ್ಮ ಲೆಕ್ಕದಲ್ಲಿ ಇದು ನಾರ್ಡಿಕ್‌ನ ಜೊತೆಗಾರ, ಬದಲಿ ಅಲ್ಲ.

ಇನ್ನು ಸ್ಪ್ರಿಂಟ್. ಪೂರ್ತಿ ವೇಗದ ಓಟ ಸ್ನಾಯುವಿನಿಂದ ಕೇಳುವುದನ್ನು ಬೇರಾವ ವ್ಯಾಯಾಮವೂ ಪೂರ್ತಿ ಕೇಳುವುದಿಲ್ಲ. ಬೆಂಗಳೂರಿನ ಐದಾಳುಗಳ ಟರ್ಫ್‌ಗಳಲ್ಲೇ ವಾರವಿಡೀ ಆಡುವವರು ಗರಿಷ್ಠ ವೇಗ ಮುಟ್ಟುವುದೇ ಅಪರೂಪ. ಭಾನುವಾರ ದೊಡ್ಡ ಮೈದಾನದಲ್ಲಿ ವಿಂಗ್‌ನಲ್ಲಿ ಓಡಿದಾಗ ತೊಡೆ ಹಿಡಿಯುವುದು ಆಶ್ಚರ್ಯವಲ್ಲ. ವಾರಕ್ಕೊಮ್ಮೆ, 20 ಮೀಟರ್ ವೇಗ ಏರಿಸಿಕೊಂಡು 20 ಮೀಟರ್ ಪೂರ್ತಿ ಓಟ, 4ರಿಂದ 6 ಸಲ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ವಿಶ್ರಾಂತಿ ಕಡಿಮೆ ಮಾಡಿದರೆ ಅದು ದಮ್ಮಿನ ಅಭ್ಯಾಸವಾಗುತ್ತದೆ, ವೇಗದ್ದಲ್ಲ.

ನಾರ್ಡಿಕ್ ವಾರಕ್ಕೊಮ್ಮೆಯ ಹಂತಕ್ಕೆ ಬಂದ ಮೇಲೆ, ಭಾನುವಾರ ಪಂದ್ಯವಿದ್ದರೆ ಮೂರಕ್ಕೂ ಬುಧವಾರವೇ ಸರಿ: ವಾರ್ಮ್‌ಅಪ್ ಆದೊಡನೆ ಸ್ಪ್ರಿಂಟ್, ಅಭ್ಯಾಸ ಮುಗಿದ ಮೇಲೆ ಡೆಡ್‌ಲಿಫ್ಟ್, ಕೊನೆಗೆ ನಾರ್ಡಿಕ್. ಶುಕ್ರ, ಶನಿವಾರ ತೊಡೆಗೆ ಭಾರ ಬೇಡ. ಹಿಂದೊಮ್ಮೆ ಹ್ಯಾಮ್‌ಸ್ಟ್ರಿಂಗ್ ಹರಿದವರಿಗೆ ಮತ್ತೆ ಹರಿಯುವ ಅಪಾಯ ಹೆಚ್ಚು. ಇಳಿಯುವಾಗ ಒಂದೇ ಜಾಗದಲ್ಲಿ ಚುಚ್ಚಿದಂತಾದರೆ ಅದು ವ್ಯಾಯಾಮದ ಮೈಕೈ ನೋವಲ್ಲ, ಅಲ್ಲಿಗೇ ನಿಲ್ಲಿಸಿ ಫಿಸಿಯೋಗೆ ತೋರಿಸಿ.